ಕಾಲೇಜಿನ ಇಂಗ್ಲಿಷ್ ಕಾಂಪೊಸಿಷನ್: ಸೆಲ್ಫ್-ಪೇಸ್ಡ್ ಕೋರ್ಸೋ, ಸೆಮಿಸ್ಟರ್ ತರಗತಿಯೋ, ಪರೀಕ್ಷೆಯೋ?

ಅಮೆರಿಕದಲ್ಲಿ ಬ್ಯಾಚಲರ್ ಪದವಿಗೆ ಸೇರಿದವರ ಮುಖ್ಯ ವಿಷಯ ಕಂಪ್ಯೂಟರ್ ಸೈನ್ಸ್ ಆಗಿರಲಿ, ನರ್ಸಿಂಗ್ ಆಗಿರಲಿ, ಅಕೌಂಟಿಂಗ್ ಆಗಿರಲಿ, ಬಹುಪಾಲು ಕಾಲೇಜುಗಳಲ್ಲಿ ಇಂಗ್ಲಿಷ್ ಕಾಂಪೊಸಿಷನ್ ಎಂಬ ಬರವಣಿಗೆಯ ಕೋರ್ಸನ್ನು ದಾಟದೆ ಪದವಿ ಕೈಗೆ ಬರುವುದಿಲ್ಲ. ಹಾರ್ವರ್ಡ್ 1885ರಲ್ಲಿ ‘ಇಂಗ್ಲಿಷ್ ಎ’ ಎಂಬ ಹೆಸರಿನಲ್ಲಿ ಆರಂಭಿಸಿದ ಈ ಪದ್ಧತಿ ಇಂದು ದೇಶದ ಎಲ್ಲೆಡೆ ಬೇರೂರಿದೆ. ಫ್ಲಾರಿಡಾದಲ್ಲಿ ಇಎನ್‌ಸಿ 1101, ಟೆಕ್ಸಾಸ್‌ನಲ್ಲಿ ಇಂಗ್ಲಿಷ್ 1301, ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಲ್ಲಿ 2025ರಿಂದ ಇಂಗ್ಲಿಷ್ ಸಿ1000 ಎಂದು ಅದರ ಸಂಖ್ಯೆ ಬದಲಾದರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ: ಒಂದು ನಿಲುವನ್ನು ಸ್ಪಷ್ಟವಾಗಿ ಮಂಡಿಸುವುದು, ಆಧಾರಗಳನ್ನು ಹುಡುಕಿ ತೂಗಿ ಬಳಸುವುದು, ಬರೆದದ್ದನ್ನು ತಿದ್ದಿ ಮತ್ತೆ ಬರೆಯುವುದು.

ಈ ಕೋರ್ಸನ್ನು ಮುಗಿಸುವ ದಾರಿಗಳು ಈಗ ಹಲವಾಗಿವೆ. ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿರುವ ಮಕ್ಕಳ ತಂದೆತಾಯಂದಿರು, ಬೆಂಗಳೂರಿನಲ್ಲಿ ಪಿಯುಸಿ ಮುಗಿಸಿ ಎಫ್-1 ವೀಸಾದಲ್ಲಿ ಪದವಿಗೆಂದು ಹೋಗುವ ವಿದ್ಯಾರ್ಥಿಗಳು, ಅರ್ಧಕ್ಕೆ ನಿಂತ ಓದನ್ನು ಎಚ್-4 ಎಂಬ ಅವಲಂಬಿತರ ವೀಸಾದಲ್ಲಿದ್ದುಕೊಂಡು ಮುಂದುವರಿಸಲು ಬಯಸುವವರು, ಹೀಗೆ ಕನ್ನಡಿಗರ ಮನೆಗಳಲ್ಲೂ ಈ ಪ್ರಶ್ನೆ ಬರುತ್ತದೆ. ಹೆಚ್ಚಿನವರು ಮೊದಲು ಕೇಳುವುದು ‘ಯಾವುದು ಬೇಗ ಮುಗಿಯುತ್ತದೆ, ಯಾವುದು ಅಗ್ಗ’ ಎಂದು. ನನ್ನ ಪ್ರಕಾರ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು. ನೀವು ಬರೆದ ಕರಡನ್ನು ಯಾರು ಓದುತ್ತಾರೆ? ಕೋರ್ಸು ಮುಗಿದ ಮೇಲೆ ಅದರ ಕ್ರೆಡಿಟ್ಟನ್ನು, ಅಂದರೆ ಪದವಿಯ ಲೆಕ್ಕಕ್ಕೆ ಸೇರುವ ಓದಿನ ಪ್ರಮಾಣವನ್ನು, ಯಾರು ಒಪ್ಪಿಕೊಳ್ಳುತ್ತಾರೆ? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಬೆಲೆ ಮತ್ತು ವೇಗದ ಲೆಕ್ಕ ತಾನಾಗಿಯೇ ಸರಿಹೊಂದುತ್ತದೆ.

ಮೂರು ಕ್ರೆಡಿಟ್ ಎಂದರೆ ಎಷ್ಟು ಕೆಲಸ

ಅಮೆರಿಕದ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಒಂದು ಕ್ರೆಡಿಟ್ ಎಂದರೆ ಸುಮಾರು 15 ವಾರಗಳ ಸೆಮಿಸ್ಟರಿನಲ್ಲಿ ವಾರಕ್ಕೆ ಒಂದು ಗಂಟೆ ಪಾಠ ಮತ್ತು ಅದರ ಜೊತೆಗೆ ಕನಿಷ್ಠ ಎರಡು ಗಂಟೆ ಸ್ವಂತ ಓದು-ಬರಹ. ಈ ಲೆಕ್ಕದಲ್ಲಿ 3 ಕ್ರೆಡಿಟ್‌ನ ಕಾಂಪೊಸಿಷನ್ ಕೋರ್ಸಿಗೆ ವಾರಕ್ಕೆ 9 ಗಂಟೆ, ಒಟ್ಟು ಸುಮಾರು 135 ಗಂಟೆ ಬೇಕು. ವಿದ್ಯಾರ್ಥಿ ತನ್ನದೇ ವೇಗದಲ್ಲಿ ಮುಗಿಸುವ ಸೆಲ್ಫ್-ಪೇಸ್ಡ್ ಕೋರ್ಸುಗಳು ಗಂಟೆಗಳನ್ನು ಎಣಿಸುವುದಿಲ್ಲ. ನಿಗದಿಪಡಿಸಿದ ಕೆಲಸವನ್ನು ನಿಗದಿಪಡಿಸಿದ ಮಟ್ಟದಲ್ಲಿ ಮುಗಿಸಿದರೆ ಸಾಕು ಎನ್ನುತ್ತವೆ. ಆದ್ದರಿಂದ ಮೊದಲೇ ಚೆನ್ನಾಗಿ ಬರೆಯಬಲ್ಲವರಿಗೆ ಸಮಯ ಉಳಿಯುವುದು ನಿಜ. ಆದರೆ ಪ್ರಬಂಧವನ್ನು ಕಟ್ಟುವ ಕೆಲಸವನ್ನೇ ಮೊದಲ ಸಲ ಕಲಿಯುತ್ತಿರುವವರು ಒಂದು ವಾರದಲ್ಲಿ ಮುಗಿಸುತ್ತೇನೆಂದು ಹೊರಟರೆ, ದಿನಕ್ಕೆ 8 ಗಂಟೆ ಕುಳಿತರೂ ವಾರದ ಕೊನೆಗೆ ಆ 135 ಗಂಟೆಗಳ ಅರ್ಧವನ್ನೂ ಮುಟ್ಟಿರುವುದಿಲ್ಲ.

‘ಸ್ವಂತ ವೇಗ’ ಎಲ್ಲಿಯವರೆಗೆ ಸ್ವಂತ

ಸೆಲ್ಫ್-ಪೇಸ್ಡ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಮೊದಲನೆಯದು ಸೋಫಿಯಾ ಲರ್ನಿಂಗ್, ಸ್ಟ್ರೈಟರ್‌ಲೈನ್, ಸ್ಟಡಿ.ಕಾಮ್ ಮುಂತಾದ ಸಂಸ್ಥೆಗಳದು. ಇವು ತಾವೇ ಪದವಿ ಕೊಡುವ ಕಾಲೇಜುಗಳಲ್ಲ; ತಿಂಗಳ ಚಂದಾ ಪಡೆದು ಕೋರ್ಸು ನಡೆಸುತ್ತವೆ. ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್, ಅಂದರೆ ಎಸಿಇ, ಇಂಥ ಕೋರ್ಸುಗಳನ್ನು ಪರಿಶೀಲಿಸಿ ‘ಇದಕ್ಕೆ ಇಷ್ಟು ಕ್ರೆಡಿಟ್ ಕೊಡಬಹುದು’ ಎಂದು ಶಿಫಾರಸು ಮಾಡುತ್ತದೆ. ಶಿಫಾರಸು ಶಿಫಾರಸೇ, ಕ್ರೆಡಿಟ್ ಕೊಡುವುದು ಬಿಡುವುದು ನೀವು ಸೇರುವ ಕಾಲೇಜಿಗೆ ಸೇರಿದ್ದು. ಎರಡನೆಯ ವ್ಯವಸ್ಥೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯಗಳೇ ನಡೆಸುವಂಥದ್ದು. ಕೆನಡಾದ ಆಲ್ಬರ್ಟಾದಲ್ಲಿರುವ ಅಥಬಾಸ್ಕಾ ವಿಶ್ವವಿದ್ಯಾಲಯದಲ್ಲಿ ಪ್ರತಿ ತಿಂಗಳ ಮೊದಲ ದಿನ ಕೋರ್ಸು ಆರಂಭಿಸಬಹುದು, 3 ಕ್ರೆಡಿಟ್‌ನ ಕೋರ್ಸನ್ನು ಮುಗಿಸಲು 6 ತಿಂಗಳ ಅವಧಿ ಇರುತ್ತದೆ; ಅಲ್ಲಿನ ಪ್ರಾಥಮಿಕ ಕಾಂಪೊಸಿಷನ್ ಕೋರ್ಸಿನ ಸಂಖ್ಯೆ ಇಂಗ್ಲಿಷ್ 255. 1997ರಲ್ಲಿ ಸ್ಥಾಪನೆಯಾದ ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಯಲ್ಲಿ 6 ತಿಂಗಳ ಅವಧಿಗೆ ಒಂದೇ ಶುಲ್ಕ. ಆ ಅವಧಿಯೊಳಗೆ ಎಷ್ಟು ಕೋರ್ಸುಗಳನ್ನು ಬೇಕಾದರೂ ಮುಗಿಸಬಹುದು. ಆದರೆ ಅಲ್ಲಿ ಪದವಿಗೇ ಸೇರಬೇಕಾಗುತ್ತದೆಯಾದ್ದರಿಂದ ಒಂದು ಕಾಂಪೊಸಿಷನ್ ಕೋರ್ಸಿಗಾಗಿ ಯಾರೂ ಅತ್ತ ಹೋಗುವ ಅಗತ್ಯವಿಲ್ಲ.

ಚಂದಾ ಮಾದರಿಯ ಕೋರ್ಸು ಒಳಗೆ ಹೇಗಿರುತ್ತದೆ ಎಂಬುದನ್ನು ಸೋಫಿಯಾದ ಉದಾಹರಣೆಯಿಂದಲೇ ನೋಡಬಹುದು, ಏಕೆಂದರೆ ಕಾಲೇಜು ಬದಲಾಯಿಸುವವರ ಮಾತಿನಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಅದು. ತಿಂಗಳ ಚಂದಾ 99 ಡಾಲರ್‌ನ ಆಸುಪಾಸಿನಲ್ಲಿರುತ್ತದೆ, ಒಮ್ಮೆಗೆ ಎರಡು ಕೋರ್ಸುಗಳನ್ನು ತೆರೆದಿಟ್ಟುಕೊಳ್ಳಬಹುದು. ಚಿಕ್ಕ ಚಿಕ್ಕ ಪಾಠಗಳ ಕೊನೆಯಲ್ಲಿ ಸರಿಯುತ್ತರ ಆರಿಸುವ ಪ್ರಶ್ನೆಗಳು, ಪ್ರತಿ ಘಟಕದ ಕೊನೆಯಲ್ಲಿ ‘ಮೈಲ್‌ಸ್ಟೋನ್’ ಎಂಬ ಪರೀಕ್ಷೆ, ನಡುನಡುವೆ ‘ಟಚ್‌ಸ್ಟೋನ್’ ಎಂಬ ಬರವಣಿಗೆಯ ಕೆಲಸ. ತೇರ್ಗಡೆಗೆ ಶೇ. 70 ಬೇಕು. ಪ್ರಶ್ನೆಗಳ ಭಾಗವನ್ನು ಕಂಪ್ಯೂಟರ್ ತಿದ್ದುವುದರಿಂದ ಅದು ನಿಮ್ಮ ವೇಗದಲ್ಲಿಯೇ ಸಾಗುತ್ತದೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಕುಳಿತು ಒಂದು ಘಟಕವನ್ನು ಮುಗಿಸಿಬಿಡಬಹುದು. ಟಚ್‌ಸ್ಟೋನ್ ಹಾಗಲ್ಲ. ಪ್ರಬಂಧವನ್ನು ಒಬ್ಬ ಮನುಷ್ಯ ಓದಿ, ರೂಬ್ರಿಕ್ ಎಂಬ ಮಾನದಂಡಗಳ ಪಟ್ಟಿಯ ಪ್ರಕಾರ ಅಂಕ ಹಾಕಿ, ಟಿಪ್ಪಣಿ ಬರೆದು ಹಿಂತಿರುಗಿಸಬೇಕು. ಅದಕ್ಕೆ ಕೆಲವು ಕೆಲಸದ ದಿನಗಳು ಹಿಡಿಯುತ್ತವೆ, ನಡುವೆ ವಾರಾಂತ್ಯವೋ ಹಬ್ಬದ ರಜೆಯೋ ಬಂದರೆ ಇನ್ನಷ್ಟು.

ಆದ್ದರಿಂದ ಕಾಂಪೊಸಿಷನ್‌ನಂಥ ಕೋರ್ಸಿನಲ್ಲಿ ವೇಗವನ್ನು ನಿರ್ಧರಿಸುವವರು ವಿದ್ಯಾರ್ಥಿಯಲ್ಲ, ತಿದ್ದುವವರು. ಪ್ರಬಂಧಗಳು ಒಂದರ ಮೇಲೊಂದು ಕಟ್ಟಿಕೊಂಡು ಹೋಗುವಂಥವಾಗಿದ್ದರೆ, ಹಿಂದಿನದರ ಟಿಪ್ಪಣಿ ಕೈಸೇರದೆ ಮುಂದಿನದನ್ನು ಬರೆಯುವುದರಲ್ಲಿ ಅರ್ಥವಿಲ್ಲ. ತಿಂಗಳ ಚಂದಾ ಮುಗಿಯಲು ನಾಲ್ಕು ದಿನ ಇರುವಾಗ ಕೊನೆಯ ಪ್ರಬಂಧವನ್ನು ಸಲ್ಲಿಸಿ, ಅದು ತಿದ್ದಿ ಬರುವಷ್ಟರಲ್ಲಿ ಮತ್ತೊಂದು ತಿಂಗಳ ಹಣ ಕಡಿತವಾಗುವುದು ಇಂಥ ಕೋರ್ಸುಗಳಲ್ಲಿ ಬಹಳ ಸಾಮಾನ್ಯ. ಇದನ್ನು ತಪ್ಪಿಸುವ ಜಾಣತನವೆಂದರೆ ಚಂದಾ ಆರಂಭವಾದ ಮೊದಲ ವಾರದಲ್ಲೇ ಮೊದಲ ಪ್ರಬಂಧವನ್ನು ಸಲ್ಲಿಸಿ, ಅದು ತಿದ್ದಿ ಬರುವವರೆಗಿನ ದಿನಗಳಲ್ಲಿ ಪ್ರಶ್ನೆಗಳ ಭಾಗವನ್ನೋ, ಪಕ್ಕದಲ್ಲಿ ತೆರೆದಿಟ್ಟ ಎರಡನೆಯ ಕೋರ್ಸನ್ನೋ ಮುಂದಕ್ಕೆ ಸಾಗಿಸುವುದು.

ಕರಡನ್ನು ಓದುವವರು ಏನು ಮಾಡುತ್ತಾರೆ

ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಆಯ್ಕೆಯ ತಿರುಳು ಇಲ್ಲಿದೆ. ಕರ್ನಾಟಕದ ಪಿಯುಸಿಯವರೆಗಿನ ಇಂಗ್ಲಿಷ್ ಕಲಿಕೆಯಲ್ಲಿ ಪ್ರಬಂಧ ಎಂದರೆ ಹೆಚ್ಚಾಗಿ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಚೌಕಟ್ಟು. ಒಂದು ವಿಷಯದ ಅನುಕೂಲಗಳನ್ನೂ ಅನಾನುಕೂಲಗಳನ್ನೂ ಸಮವಾಗಿ ಹೇಳಿ, ವಿವೇಚನೆಯಿಂದ ಬಳಸಬೇಕು ಎಂದು ಮುಗಿಸುವ ಕ್ರಮ. ಆ ಅಭ್ಯಾಸದಲ್ಲಿ ಬೆಳೆದವರು ಕಾಂಪೊಸಿಷನ್ ಕೋರ್ಸಿನ ಮೊದಲ ಕರಡಿನಲ್ಲಿ ಹೀಗೆ ಬರೆಯುತ್ತಾರೆ: ‘ಮೊಬೈಲ್ ಫೋನಿನಿಂದ ವಿದ್ಯಾರ್ಥಿಗಳಿಗೆ ಒಳಿತೂ ಇದೆ, ಕೆಡುಕೂ ಇದೆ.’ ವ್ಯಾಕರಣದಲ್ಲಿ ತಪ್ಪಿಲ್ಲ, ಅಭಿಪ್ರಾಯದಲ್ಲೂ ತಪ್ಪಿಲ್ಲ. ಆದರೆ ಓದುವ ಅಧ್ಯಾಪಕರು ಅದರ ಪಕ್ಕದಲ್ಲಿ ‘ಇದನ್ನು ಅಲ್ಲಗಳೆಯುವವರು ಯಾರು?’ ಎಂದು ಬರೆಯುತ್ತಾರೆ. ಯಾರೂ ಅಲ್ಲಗಳೆಯದ ಮಾತು ಅವರ ಮಟ್ಟಿಗೆ ಥೀಸಿಸ್, ಅಂದರೆ ಪ್ರಬಂಧ ಸಾಧಿಸಹೊರಟ ನಿಲುವು, ಅಲ್ಲ. ಎರಡನೆಯ ಕರಡಿನಲ್ಲಿ ಅದು ಹೀಗಾಗಬಹುದು: ‘ಫೋನ್ ನಿಷೇಧವನ್ನು ತರಗತಿಗೆ ಮಾತ್ರ ಸೀಮಿತಗೊಳಿಸುವ ಬದಲು ಹೈಸ್ಕೂಲುಗಳು ಅದನ್ನು ಊಟದ ಬಿಡುವಿಗೂ ವಿಸ್ತರಿಸಬೇಕು, ಏಕೆಂದರೆ ಹೊಸದಾಗಿ ಸೇರಿದ ವಿದ್ಯಾರ್ಥಿ ಗೆಳೆಯರನ್ನು ಕಂಡುಕೊಳ್ಳುವುದು ಆ ಬಿಡುವಿನಲ್ಲಿಯೇ.’ ಈಗ ಎದುರಾಡಲು ಅವಕಾಶವಿದೆ: ತುರ್ತು ಇದ್ದರೆ ಮನೆಯವರನ್ನು ಸಂಪರ್ಕಿಸುವುದು ಹೇಗೆ, ಒಂಟಿಯಾಗಿ ಕುಳಿತವನಿಗೆ ಫೋನೇ ಆಸರೆಯಾಗಿದ್ದರೆ ಏನು ಮಾಡುವುದು. ಆ ಎದುರುಮಾತುಗಳಿಗೆ ಉತ್ತರ ಹುಡುಕುವುದರಲ್ಲೇ ಪ್ರಬಂಧದ ಉಳಿದ ಭಾಗ ಹುಟ್ಟುತ್ತದೆ.

ಪಕ್ಕದಲ್ಲಿ ಬರೆದ ಆ ಒಂದು ಪ್ರಶ್ನೆಯ ಬೆಲೆ ಹತ್ತು ವೀಡಿಯೊ ಪಾಠಗಳಿಗಿಂತ ಹೆಚ್ಚು. ಹಾಗಾಗಿ ಯಾವ ಕೋರ್ಸನ್ನು ನೋಡುವಾಗಲೂ ತಿಳಿದುಕೊಳ್ಳಬೇಕಾದದ್ದು ಇದು: ಟಿಪ್ಪಣಿ ಬರುವುದು ಅಂಕ ಹಾಕುವ ಮೊದಲೋ ಅನಂತರವೋ? ತಿದ್ದಿದ ಕರಡನ್ನು ಮತ್ತೆ ಅದೇ ವ್ಯಕ್ತಿ ಓದುತ್ತಾರೋ, ಬೇರೆಯವರೋ? ಅರ್ಥವಾಗದಿದ್ದರೆ ಮರುಪ್ರಶ್ನೆ ಕೇಳಲು ಸಾಧ್ಯವೋ? ಅಥಬಾಸ್ಕಾದಂಥಲ್ಲಿ ಕೋರ್ಸಿಗೊಬ್ಬ ಬೋಧಕರು ಗೊತ್ತಾಗಿರುತ್ತಾರೆ. ವೆಸ್ಟರ್ನ್ ಗವರ್ನರ್ಸ್‌ನಲ್ಲಿ ಕಲಿಸುವವರು ಬೇರೆ, ಮೌಲ್ಯಮಾಪನ ಮಾಡುವವರು ಬೇರೆ. ತೇರ್ಗಡೆಯಾಗದ ಬರಹ ಟಿಪ್ಪಣಿಯೊಡನೆ ತಿದ್ದಲು ಹಿಂತಿರುಗುತ್ತದೆ. ಚಂದಾ ಕೋರ್ಸುಗಳಲ್ಲಿ ಟಿಪ್ಪಣಿ ಸಾಮಾನ್ಯವಾಗಿ ರೂಬ್ರಿಕ್‌ನ ಸಾಲುಗಳಿಗೆ ಅಂಟಿಕೊಂಡಿರುತ್ತದೆ. ಅದು ನ್ಯಾಯವಾಗಿಯೇ ಇರುತ್ತದೆ, ಆದರೆ ನಿಮ್ಮ ಹಿಂದಿನ ಬರಹವನ್ನು ನೆನಪಿಟ್ಟುಕೊಂಡು ಓದುವವರೊಬ್ಬರು ಅಲ್ಲಿ ಸಿಗುತ್ತಾರೆಂದು ನಿರೀಕ್ಷಿಸಬಾರದು.

ನಮ್ಮವರಿಗೆ ಎಡವಟ್ಟಾಗುವ ಇನ್ನೊಂದು ಸಂಗತಿ ಕೃತಿಚೌರ್ಯ. ಗೈಡಿನ ಉತ್ತರವನ್ನು ಬಾಯಿಪಾಠ ಮಾಡಿ ಬರೆಯುವುದು ಬೋರ್ಡ್ ಪರೀಕ್ಷೆಯಲ್ಲಿ ಶ್ರಮದ ಗುರುತು. ಇಲ್ಲಿ ಅದೇ ಕೆಲಸ ಕೋರ್ಸಿನಿಂದ ಹೊರಹಾಕಬಹುದಾದ ಅಪರಾಧ. ಬೇರೆಯವರ ವಿಚಾರವನ್ನು ಪೂರ್ತಿ ನಿಮ್ಮದೇ ಮಾತಿನಲ್ಲಿ ಹೇಳಿದರೂ ಎಂಎಲ್‌ಎ ಅಥವಾ ಎಪಿಎ ಎಂಬ, ಆಕರಗಳನ್ನು ಸೂಚಿಸುವ ನಿಗದಿತ ಕ್ರಮದಲ್ಲಿ ಮೂಲವನ್ನು ಹೆಸರಿಸಬೇಕು. ತರಗತಿಯಲ್ಲಾದರೆ ಮೊದಲ ತಪ್ಪಿಗೆ ಅಧ್ಯಾಪಕರು ಕರೆದು ಕೂರಿಸಿ ವಿವರಿಸುವ ಸಾಧ್ಯತೆ ಇರುತ್ತದೆ. ಸೆಲ್ಫ್-ಪೇಸ್ಡ್ ಕೋರ್ಸಿನಲ್ಲಿ ಬರಹ ಮೊದಲು ತಂತ್ರಾಂಶದ ತಪಾಸಣೆಗೆ ಸಿಗುವುದರಿಂದ ವಿವರಣೆಗಿಂತ ಮೊದಲೇ ಸೊನ್ನೆ ಬರಬಹುದು. ಎಐ ಬರೆದುಕೊಟ್ಟದ್ದೆಂಬ ಅನುಮಾನಕ್ಕೂ ಇದೇ ಗತಿ. ಗೂಗಲ್ ಡಾಕ್ಸ್‌ನಂಥಲ್ಲಿ ಬರೆದು ತಿದ್ದುಪಡಿಗಳ ಇತಿಹಾಸವನ್ನು ಉಳಿಸಿಕೊಂಡಿದ್ದರೆ ನಿಮ್ಮ ಪರವಾಗಿ ತೋರಿಸಲು ಏನಾದರೂ ಇರುತ್ತದೆ.

ಪರೀಕ್ಷೆಯ ದಾರಿ

ಕೋರ್ಸನ್ನೇ ಬಿಟ್ಟು ಪರೀಕ್ಷೆ ಬರೆದು ಕ್ರೆಡಿಟ್ ಪಡೆಯುವ ದಾರಿಯೂ ಇದೆ. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ ಸಿಎಲ್‌ಇಪಿ, ಆಡುಮಾತಿನಲ್ಲಿ ಕ್ಲೆಪ್, 1967ರಿಂದ ಇರುವಂಥದ್ದು. ಅದರ ಕಾಲೇಜ್ ಕಾಂಪೊಸಿಷನ್ ಪರೀಕ್ಷೆಯಲ್ಲಿ 55 ನಿಮಿಷಗಳಲ್ಲಿ 50 ಪ್ರಶ್ನೆಗಳು, ಆಮೇಲೆ 70 ನಿಮಿಷಗಳಲ್ಲಿ ಎರಡು ಪ್ರಬಂಧಗಳು. ಮೊದಲನೆಯದಕ್ಕೆ ನಿಮ್ಮ ಓದು ಮತ್ತು ಅನುಭವವೇ ಬಂಡವಾಳ. ಎರಡನೆಯದರಲ್ಲಿ ಕೊಟ್ಟ ಎರಡು ಆಕರಗಳನ್ನು ಬಳಸಿಕೊಂಡು, ಅವುಗಳನ್ನು ಹೆಸರಿಸಿ ವಾದ ಕಟ್ಟಬೇಕು. 20ರಿಂದ 80ರವರೆಗಿನ ಅಳತೆಯಲ್ಲಿ 50 ಬಂದರೆ ಎಸಿಇ 6 ಕ್ರೆಡಿಟ್‌ಗಳನ್ನು ಶಿಫಾರಸು ಮಾಡುತ್ತದೆ, ಅಂದರೆ ಕಾಂಪೊಸಿಷನ್‌ನ ತಲಾ 3 ಕ್ರೆಡಿಟ್ಟಿನ ಎರಡು ಕೋರ್ಸುಗಳಷ್ಟು. ಶುಲ್ಕ 100 ಡಾಲರ್‌ಗೆ ಹತ್ತಿರ. ಮಾಡರ್ನ್ ಸ್ಟೇಟ್ಸ್ ಎಂಬ ಲಾಭರಹಿತ ಸಂಸ್ಥೆಯ ಉಚಿತ ಪಾಠಗಳನ್ನು ಮುಗಿಸಿದರೆ ಆ ಶುಲ್ಕವನ್ನೂ ಅದು ಭರಿಸುತ್ತದೆ. ತಪ್ಪಿದರೆ ಮತ್ತೆ ಬರೆಯಲು ಮೂರು ತಿಂಗಳು ಕಾಯಬೇಕು. ‘ಮಾಡ್ಯುಲರ್’ ಎಂಬ ಇನ್ನೊಂದು ರೂಪವೂ ಇದೆ, ಅದರಲ್ಲಿ ಪ್ರಬಂಧದ ಭಾಗವನ್ನು ಕಾಲೇಜ್ ಬೋರ್ಡ್ ತಿದ್ದುವುದಿಲ್ಲ. ಹೆಸರು ಹೋಲುವುದರಿಂದ ನೋಂದಣಿ ಮಾಡುವಾಗ ನಿಮ್ಮ ಕಾಲೇಜು ಕೇಳುವುದು ಯಾವುದನ್ನು ಎಂದು ನೋಡಿಕೊಳ್ಳಬೇಕು.

ಹಣದ ಲೆಕ್ಕದಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಆದರೆ ಕರಡನ್ನು ಓದುವವರು ಇಲ್ಲಿ ಯಾರೂ ಇಲ್ಲ. ಬರೆಯಲು ಈಗಾಗಲೇ ಬಲ್ಲವರಿಗೆ ಇದು ಸರಿಯಾದ ದಾರಿ, ಕಲಿಯಬೇಕಾದವರಿಗೆ ಅಲ್ಲ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದಲ್ಲಿ ಓದಿಸುವ ಎಪಿ (ಅಡ್ವಾನ್ಸ್ಡ್ ಪ್ಲೇಸ್ಮೆಂಟ್) ಇಂಗ್ಲಿಷ್ ಲ್ಯಾಂಗ್ವೇಜ್, ಕೋರ್ಸು ಮತ್ತು ಪರೀಕ್ಷೆಗಳ ನಡುವಿನದು: ಮೇ ತಿಂಗಳಿನಲ್ಲಿ ಮೂರು ಪ್ರಬಂಧಗಳಿರುವ ಪರೀಕ್ಷೆ ಇರುತ್ತದೆ, ಅದಕ್ಕೆ ಮುನ್ನ ವರ್ಷವಿಡೀ ಒಬ್ಬ ಶಿಕ್ಷಕರು ಬರಹವನ್ನು ತಿದ್ದಿರುತ್ತಾರೆ. ಮಗು ಶಾಲೆಯಲ್ಲಿ ಅದನ್ನು ಓದುತ್ತಿದ್ದರೆ ಅದರ ಮೇಲೆ ಚಂದಾ ಕೋರ್ಸೊಂದನ್ನು ಹೇರುವ ಅಗತ್ಯ ನನಗೆ ಕಾಣುವುದಿಲ್ಲ.

ಸೆಮಿಸ್ಟರ್ ತರಗತಿ

ಹಳೆಯ ದಾರಿ ಎಂದು ಇದನ್ನು ಕಡೆಗಣಿಸುವವರಿದ್ದಾರೆ. ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ, ಅಂದರೆ ಒಂದು ಕ್ರೆಡಿಟ್ಟಿಗೆ, ಶುಲ್ಕ 46 ಡಾಲರ್. ಮೂರು ಯೂನಿಟ್ಟಿಗೆ 138 ಡಾಲರ್. ಎರಡು ತಿಂಗಳ ಚಂದಾಕ್ಕಿಂತ ಇದು ಕಡಿಮೆ. ಹೈಸ್ಕೂಲಿನಲ್ಲಿದ್ದುಕೊಂಡೇ ಡ್ಯುಯಲ್ ಎನ್‌ರೋಲ್‌ಮೆಂಟ್‌ನಲ್ಲಿ ಓದುವವರಿಗೆ ಅನೇಕ ಕಡೆ ಆ ಶುಲ್ಕವೂ ಮನ್ನಾ ಆಗುತ್ತದೆ. ತರಗತಿ ಆನ್‌ಲೈನ್ ಆಗಿದ್ದರೂ ವಾರದ ಗಡುವು ಇರುತ್ತದೆ, ಸಹಪಾಠಿಗಳ ಕರಡನ್ನು ಓದುವ ಕೆಲಸ ಇರುತ್ತದೆ, ಕೇಳಿಕೊಂಡು ಹೋಗಲು ಬರವಣಿಗೆ ಕೇಂದ್ರ ಇರುತ್ತದೆ. ಗಡುವು ಇಲ್ಲದಿದ್ದರೆ ಕೆಲಸ ಮುಂದಕ್ಕೆ ಹೋಗದ ಸ್ವಭಾವದವರಿಗೆ, ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ, ಈ ಕಟ್ಟುಪಾಡು ಉಪಕಾರವೇ. ಆದರೆ ಒಂದು ಎಚ್ಚರಿಕೆ: ಡ್ಯುಯಲ್ ಎನ್‌ರೋಲ್‌ಮೆಂಟ್‌ನಲ್ಲಿ ಬಂದ ಗ್ರೇಡು ಕಾಲೇಜಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ, ಮುಂದೆ ಮೆಡಿಕಲ್ ಸೀಟಿಗೆ ಅರ್ಜಿ ಹಾಕುವಾಗ ಜಿಪಿಎ ಲೆಕ್ಕಕ್ಕೂ ಸೇರುತ್ತದೆ. ಹದಿನಾರರ ವಯಸ್ಸಿನಲ್ಲಿ ಬಂದ ‘ಸಿ’ಯನ್ನು ಇಪ್ಪತ್ತೆರಡರಲ್ಲಿ ವಿವರಿಸಬೇಕಾಗುತ್ತದೆ.

ಎಸಿಇ ಶಿಫಾರಸಿನ ಕ್ರೆಡಿಟ್ಟೂ ಕ್ಲೆಪ್ ಕ್ರೆಡಿಟ್ಟೂ ಸಾಮಾನ್ಯವಾಗಿ ಗ್ರೇಡಿಲ್ಲದೆ ಬರುತ್ತವೆ; ಜಿಪಿಎಯನ್ನು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಗ್ರೇಡು ಉಳಿಯುವ ತರಗತಿಗೂ ಗ್ರೇಡಿಲ್ಲದ ಇಂಥ ಕ್ರೆಡಿಟ್ಟಿಗೂ ನಡುವಿನ ಒಂದು ಏರ್ಪಾಡನ್ನು ಅರಿಜೋನಾ ಸ್ಟೇಟ್ ಯೂನಿವರ್ಸಿಟಿ ತನ್ನ ಯೂನಿವರ್ಸಲ್ ಲರ್ನರ್ ಕೋರ್ಸುಗಳಲ್ಲಿ ಮಾಡಿದೆ: 25 ಡಾಲರ್ ಕಟ್ಟಿ ಸೇರಿ, ಕೋರ್ಸು ಮುಗಿದು ಗ್ರೇಡು ನೋಡಿದ ಮೇಲೆ, ಬೇಕೆನಿಸಿದರೆ ಮಾತ್ರ 400 ಡಾಲರ್ ಕಟ್ಟಿ ಅದನ್ನು ಟ್ರಾನ್ಸ್‌ಕ್ರಿಪ್ಟಿಗೆ ಸೇರಿಸಿಕೊಳ್ಳಬಹುದು. ಗ್ರೇಡು ಸರಿಬರದಿದ್ದರೆ ಹೋದದ್ದು 25 ಡಾಲರ್ ಅಷ್ಟೇ.

ಕ್ರೆಡಿಟ್ ಸಲ್ಲುವ ಕಡೆ

ಪದವಿಗೆ ಸೇರಲಿರುವ ಕಾಲೇಜು ಯಾವುದೆಂದು ಗೊತ್ತಿರುವವರಿಗೆ ಆಯ್ಕೆ ಸುಲಭ, ಗೊತ್ತಿಲ್ಲದವರಿಗೆ ಕಷ್ಟ. ವೆಸ್ಟರ್ನ್ ಗವರ್ನರ್ಸ್‌ನಂಥ ಕಡೆ ಸೋಫಿಯಾದ ಕಾಂಪೊಸಿಷನ್ ನೇರವಾಗಿ ಸಲ್ಲುತ್ತದೆ. ಯುಸಿ ಎಂದು ಕರೆಯುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಕ್ಲೆಪ್‌ಗೆ ಕ್ರೆಡಿಟ್ ಕೊಡುವುದಿಲ್ಲ, ಎಪಿಗೆ ಕೊಡುತ್ತದೆ. ಮೆಡಿಕಲ್ ಕಾಲೇಜುಗಳಲ್ಲಿ ಇಂಗ್ಲಿಷ್ ಅಥವಾ ಬರವಣಿಗೆಯ ಕೋರ್ಸನ್ನು ಕಡ್ಡಾಯವಾಗಿ ಕೇಳುವವೂ ಇವೆ, ಅದಕ್ಕೆ ಎಪಿ ಅಥವಾ ಕ್ಲೆಪ್ ಸಾಲದು, ಕಾಲೇಜಿನಲ್ಲೇ ಓದಿರಬೇಕು ಎನ್ನುವವೂ ಇವೆ. ಆದ್ದರಿಂದ ಇನ್ನೂ ಹತ್ತಾರು ಕಾಲೇಜುಗಳಿಗೆ ಅರ್ಜಿ ಹಾಕಲಿರುವ ಹೈಸ್ಕೂಲ್ ವಿದ್ಯಾರ್ಥಿಗೆ ಚಂದಾ ಕೋರ್ಸು ಅಷ್ಟು ಸೂಕ್ತವಲ್ಲ. ಎಪಿ ಅಥವಾ ಕಮ್ಯೂನಿಟಿ ಕಾಲೇಜಿನ ತರಗತಿ ಹೆಚ್ಚು ಕಡೆ ಸಲ್ಲುತ್ತದೆ. ಕೆಲಸದಲ್ಲಿದ್ದುಕೊಂಡು, ಯಾವ ಆನ್‌ಲೈನ್ ಪದವಿಗೆ ಸೇರುತ್ತೇನೆಂದು ಈಗಾಗಲೇ ನಿರ್ಧರಿಸಿರುವ ಮೂವತ್ತೈದರ ಗೃಹಿಣಿಗೋ ಉದ್ಯೋಗಿಗೋ ಅದೇ ಚಂದಾ ಕೋರ್ಸು ಎಲ್ಲಕ್ಕಿಂತ ಒಳ್ಳೆಯ ಆಯ್ಕೆಯಾಗಬಹುದು.

ಎಫ್-1 ವಿದ್ಯಾರ್ಥಿಗಳ ವಿಷಯ ಬೇರೆ. ಪೂರ್ಣಾವಧಿ ಓದಿನ ಲೆಕ್ಕಕ್ಕೆ ಒಂದು ಅವಧಿಯಲ್ಲಿ ಒಂದೇ ಒಂದು ಆನ್‌ಲೈನ್ ತರಗತಿ ಅಥವಾ 3 ಕ್ರೆಡಿಟ್ ಮಾತ್ರ ಸೇರುತ್ತದೆ ಎಂಬ ನಿಯಮವಿದೆ. ಹೊರಗಿನ ಸೆಲ್ಫ್-ಪೇಸ್ಡ್ ಕೋರ್ಸನ್ನು ನಂಬಿ ಕಾಲೇಜಿನ ತರಗತಿಯನ್ನು ಬಿಟ್ಟರೆ ಕ್ರೆಡಿಟ್ಟಿನ ಪ್ರಶ್ನೆ ವೀಸಾದ ಪ್ರಶ್ನೆಯಾಗಿಬಿಡಬಹುದು. ಮೊದಲು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಒಪ್ಪಿಗೆ ಬೇಕು. ಎಚ್-4ನಲ್ಲಿರುವವರಿಗೆ ಈ ಮಿತಿ ಇಲ್ಲ.

ಸರ್ಕಾರದ ವಿದ್ಯಾರ್ಥಿ ನೆರವನ್ನು ನಂಬಿಕೊಂಡಿರುವವರೂ ಒಂದು ಸಂಗತಿಯನ್ನು ತಿಳಿದಿರಬೇಕು. ಅಧ್ಯಾಪಕರ ಕಡೆಯಿಂದ ನಿಯಮಿತವಾದ, ಅರ್ಥಪೂರ್ಣವಾದ ಸಂಪರ್ಕ ಇಲ್ಲದ ಕೋರ್ಸನ್ನು ಕಾನೂನು ದೂರಶಿಕ್ಷಣವೆಂದು ಪರಿಗಣಿಸದೆ ಅಂಚೆ ಶಿಕ್ಷಣದ ಸಾಲಿಗೆ ಸೇರಿಸುತ್ತದೆ, ಅದಕ್ಕೆ ಸಿಗುವ ನೆರವು ಬಿಗಿಯಾಗುತ್ತದೆ. ಇದೇ ವ್ಯಾಖ್ಯೆಯ ಮೇಲೆ 2017ರಲ್ಲಿ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ವೆಸ್ಟರ್ನ್ ಗವರ್ನರ್ಸ್ 71 ಕೋಟಿ ಡಾಲರ್‌ಗೂ ಹೆಚ್ಚು ನೆರವಿನ ಹಣವನ್ನು ಹಿಂತಿರುಗಿಸಬೇಕೆಂದು ವರದಿ ಕೊಟ್ಟಿದ್ದರು. 2019ರಲ್ಲಿ ಇಲಾಖೆ ಆ ಶಿಫಾರಸನ್ನು ಒಪ್ಪದೆ ಕೈಬಿಟ್ಟಿತು.

ಹಣ ಕಟ್ಟುವ ಮೊದಲು ಸೇರಲಿರುವ ಕಾಲೇಜಿನ ರಿಜಿಸ್ಟ್ರಾರ್ ಕಚೇರಿಗೆ ಒಂದು ಇಮೇಲ್ ಬರೆಯಿರಿ. ‘ನೀವು ಈ ಕೋರ್ಸನ್ನು ಒಪ್ಪುತ್ತೀರಾ?’ ಎಂದು ಕೇಳಬೇಡಿ. ಹೌದು ಎಂಬ ಉತ್ತರ ಬಂದು, ಆಮೇಲೆ ಅದು ಬರಿಯ ಐಚ್ಛಿಕ ಕ್ರೆಡಿಟ್ ಆಗಿ ಸೇರಿ, ಕಾಂಪೊಸಿಷನ್ ಮತ್ತೆ ಓದಬೇಕಾಗಿ ಬಂದವರು ಇದ್ದಾರೆ. ಕೋರ್ಸಿನ ಪೂರ್ಣ ಹೆಸರು, ನಡೆಸುವ ಸಂಸ್ಥೆ ಮತ್ತು ನಿಮ್ಮ ಪದವಿಯ ಹೆಸರನ್ನು ಬರೆದು, ‘ಇದು ನನ್ನ ಪದವಿಯ ಮೊದಲ ವರ್ಷದ ಬರವಣಿಗೆಯ ಕಡ್ಡಾಯವನ್ನು ಪೂರೈಸುತ್ತದೆಯೇ, ನಿಮ್ಮಲ್ಲಿನ ಯಾವ ಕೋರ್ಸ್ ಸಂಖ್ಯೆಗೆ ಸಮನಾಗುತ್ತದೆ?’ ಎಂದು ಕೇಳಿ. ಬಂದ ಉತ್ತರವನ್ನು ಅಳಿಸಬೇಡಿ. ಕೋರ್ಸಿನ ಪಠ್ಯಕ್ರಮದ ಪ್ರತಿ ಮತ್ತು ಅಂಕ ಹಾಕಿದ ಪ್ರಬಂಧಗಳನ್ನೂ ಚಂದಾ ರದ್ದು ಮಾಡುವ ಮುನ್ನವೇ ಇಳಿಸಿಟ್ಟುಕೊಳ್ಳಿ. ಕೆಲವು ಇಂಗ್ಲಿಷ್ ವಿಭಾಗಗಳು ಕ್ರೆಡಿಟ್ ಒಪ್ಪುವ ಮೊದಲು ಅವನ್ನೇ ಕೇಳುತ್ತವೆ, ಖಾತೆ ಮುಚ್ಚಿದ ಮೇಲೆ ಅವು ಮತ್ತೆ ಸಿಗುವ ಖಾತರಿ ಇಲ್ಲ.